ಅಳಿಯ ಕೊಂಡ ಮರಳಿನ ಟೈರು

ನನ್ನ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ಅಗಲದ ಟೈರು ಬೇಕೆಂದು ಬಂದವರು ಎಲ್ಲಿ ಓಡಿಸುತ್ತೀರಿ ಅನ್ನುವುದನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಟೈರಿಲ್ಲ. ಇದೇನು ಸೈಕಲ್ ಅಂಗಡಿಯೋ ಪೊಲೀಸ್ ಠಾಣೆಯೋ ಎಂದು ಕೆಲವರು ಮೂಗು ಮುರಿಯುತ್ತಾರೆ. ಮುರಿದುಕೊಳ್ಳಲಿ. ಮೂಗು ಅವರದು, ಅಂಗಡಿ ನನ್ನದು.

ಕೇಳದೆ ಕೊಡುವುದಾದರೂ ಹೇಗೆ? ಟಾರು ರಸ್ತೆಗೆ ನುಣುಪಾದ ಟೈರು ಬೇಕು, ಗಾಳಿ ಗಟ್ಟಿಯಾಗಿರಬೇಕು. ಜಲ್ಲಿ ದಾರಿಗೆ ಒತ್ತೊತ್ತಾಗಿ ಸಣ್ಣ ಹಲ್ಲುಗಳಿರುವುದು ಬೇಕು. ಕೆಸರಿಗೆ ಉದ್ದನೆಯ ಹಲ್ಲು, ಅದೂ ದೂರ ದೂರ. ಹತ್ತಿರ ಹತ್ತಿರ ಇದ್ದರೆ ನಡುವೆ ಕೆಸರು ಕೂತು ಚಕ್ರವೇ ಒಂದು ಮಣ್ಣಿನ ಹೆಂಟೆಯಾಗಿಬಿಡುತ್ತದೆ. ಇನ್ನು ಮರಳು. ಅದಕ್ಕೆ ಎಲ್ಲಕ್ಕಿಂತ ಅಗಲದ ಟೈರು, ಹಲ್ಲು ಇದ್ದೂ ಇಲ್ಲದಂತಿರಬೇಕು, ಗಾಳಿ ಅರ್ಧಂಬರ್ಧ. ಮರಳನ್ನು ಅಗೆಯಹೋದ ಟೈರು ಅಲ್ಲೇ ಹೂತುಹೋಗುತ್ತದೆ. ಮೇಲೆ ತೇಲಿಕೊಂಡು ಹೋಗಬೇಕು. ಒಮ್ಮೆ ಒಬ್ಬ ಹಲ್ಲಿನ ಡಾಕ್ಟರು ಬಂದು ಕೆಸರಿನ ಟೈರು ಕೇಳಿದರು. ಮನೆಯಿಂದ ಕ್ಲಿನಿಕ್ಕಿಗೆ ಹೋಗುವುದು ಬಿಟ್ಟರೆ ಆ ಮನುಷ್ಯ ಮಣ್ಣು ಮುಟ್ಟಿದವರಲ್ಲ. ದೊಡ್ಡ ಹಲ್ಲು ಕಂಡು ಆಸೆಯಾಗಿರಬೇಕು. ಬರಿಗೈಯಲ್ಲಿ ಕಳಿಸಿದೆ.

ಹೋದ ಟೈರು ಪಂಚರೋ ಸವೆತವೋ ಆಗಿ ಒಂದಲ್ಲ ಒಂದು ದಿನ ವಾಪಸ್ ಬಂದೇ ಬರುತ್ತದೆ. ಆಗ ನೋಡಬೇಕು ಮಜಾ. ಬಾಯಲ್ಲಿ ಹೇಳಿದ ದಾರಿ ಒಂದು, ಟೈರು ತಂದ ಮಣ್ಣು ಇನ್ನೊಂದು. ದಿನಾ ಸಂಜೆ ತಾಯಿಯ ಮನೆಗೆ ಹೋಗುತ್ತೇನೆ ಎನ್ನುತ್ತಿದ್ದ ಒಬ್ಬ ದರ್ಜಿಯ ಟೈರಿನಲ್ಲಿ ಕಲ್ಲಿದ್ದಲು ಗೋದಾಮಿನ ಕರಿ ಪುಡಿ ಕೂತಿತ್ತು. ಆ ಗೋದಾಮಿನ ಹಿಂದೆ ಇಸ್ಪೀಟು ನಡೆಯುವುದು ಯಾರಿಗೆ ಗೊತ್ತಿಲ್ಲ? ಅವನ ಹೆಂಡತಿಯ ಎದುರು ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ನನ್ನ ಹೆಂಡತಿ ಅವತ್ತಿನಿಂದ ಬೇರೆ ದರ್ಜಿಯ ಹತ್ತಿರ ಬಟ್ಟೆ ಹೊಲಿಸುತ್ತಾಳೆ, ಆ ಮುಖವನ್ನು ಯಾವ ಮುಖ ಇಟ್ಟುಕೊಂಡು ನೋಡಲಿ ಅನ್ನುತ್ತಾಳೆ.

ಇಂಥ ನನ್ನ ಅಂಗಡಿಗೆ ನನ್ನ ಸ್ವಂತ ಅಳಿಯ ಬಂದು ಮರಳಿನ ಟೈರು ಕೇಳಿದ.

ಅಳಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸದವನು. ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಮಾತು ಕಡಿಮೆ, ಅದೂ ನೆಲ ನೋಡಿಕೊಂಡು. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ, ಒಳಗೆ ಏನು ಕುದಿಯುತ್ತಿದೆ ಅಂತ ಹೇಗೆ ತಿಳಿಯುವುದು? ಅವನ ಮನೆಯಿಂದ ಕೆಲಸದ ಜಾಗದವರೆಗೆ ಟಾರು ರಸ್ತೆ, ಅದೂ ಹೊಸದಾಗಿ ಹಾಕಿದ್ದು. ಮರಳು ಎಲ್ಲಿಂದ ಬಂತು ಎಂದು ಕೇಳಿದೆ. ರಸ್ತೆ ಹಾಳಾಗಿದೆ ಅಂದ. ಯಾವ ರಸ್ತೆ ಎಂದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಳ್ಳತೊಡಗಿದ. ಗಾಜು ಅರೆಯುವವನ ಕನ್ನಡಕದಲ್ಲಿ ಧೂಳಿರುತ್ತದೆಯೇ? ನನ್ನ ಕಿವಿಗೇ ಹೂವಿಡಲು ಬಂದಿದ್ದಾನಲ್ಲ ಎಂದುಕೊಂಡೆ. ಬೇರೆ ಯಾರಾದರೂ ಆಗಿದ್ದರೆ ಹೊರಗೆ ಕಳಿಸುತ್ತಿದ್ದೆ. ಮಗಳ ಗಂಡ, ಏನು ಮಾಡುವುದು. ಕೊಟ್ಟೆ, ನಾನೇ ಹಾಕಿಯೂ ಕೊಟ್ಟೆ. ಆದರೆ ಅವತ್ತೇ ತಲೆಯೊಳಗೆ ಹುಳ ಹೊಕ್ಕಿತು.

ಆ ಸೈಕಲ್ಲು ಅವರ ಮದುವೆಯಾದಾಗ ನಾನೇ ಜೋಡಿಸಿ ಕೊಟ್ಟದ್ದು. ಚಕ್ರ ಹಿಡಿಯುವ ಫೋರ್ಕು ಎಂಥ ಟೈರು ಹಾಕಿದರೂ ಹಿಡಿಸುವಷ್ಟು ಅಗಲದ್ದು. ಇಬ್ಬರಿಗೂ ಅದೊಂದೇ ಸೈಕಲ್ಲು. ಮಗಳು ಮದುವೆಯಾದ ಮೇಲೆ ಸೈಕಲ್ ತುಳಿಯುವುದನ್ನೇ ಬಿಟ್ಟೆ ಎಂದು ಹೇಳಿದ್ದಳು. ಭಾನುವಾರ ನಮ್ಮ ಮನೆಗೆ ಬರುವಾಗ ಅಳಿಯ ತುಳಿಯುತ್ತಿದ್ದ, ಇವಳು ಹಿಂದೆ ಕೂತು ಬರುತ್ತಿದ್ದಳು. ನಮಗೆ ಇರುವವಳು ಒಬ್ಬಳೇ. ವಾರವೆಲ್ಲ ಟ್ಯೂಬು, ಗೋಂದು, ಗಿರಾಕಿಗಳ ಸುಳ್ಳು, ಎಲ್ಲವನ್ನೂ ನಾನು ತಾಳಿಕೊಂಡಿರುತ್ತಿದ್ದದ್ದೇ ಆ ಒಂದು ಭಾನುವಾರಕ್ಕೋಸ್ಕರ. ಅವಳು ಬಂದು ಅಡುಗೆಮನೆಯ ಕಟ್ಟೆ ಹತ್ತಿ ಕೂತು ಕಾಲಾಡಿಸುತ್ತಾ ಅಮ್ಮನ ಜೊತೆ ಹರಟುವುದು ನನ್ನ ಕಿವಿಗೆ ಬಿದ್ದರೆ ಸಾಕಿತ್ತು.

ಅವರು ಒಳಗೆ ಹೋದಮೇಲೆ ನಾನು ಹೊರಗೆ ಉಳಿಯತೊಡಗಿದೆ. ಸೈಕಲ್ಲಿಗೆ ಎಣ್ಣೆ ಬಿಡುತ್ತೇನೆ ಅನ್ನುವುದು ನೆಪ. ಟೈರಿನ ಅಂಚಿನ ಗೆರೆಯಲ್ಲಿ ಬಿಳಿ ಮರಳು ಸಿಕ್ಕಿತು. ಮನೆ ಕಟ್ಟುವಲ್ಲಿ ಸುರಿದಿರುವ ದಪ್ಪ ಮರಳಲ್ಲ, ಸಕ್ಕರೆಗಿಂತ ನುಣ್ಣಗಿನದು. ಚಕ್ರದ ಕಡ್ಡಿಗಳ ಬುಡದಲ್ಲಿ ತುಕ್ಕು ಹಿಡಿಯತೊಡಗಿತ್ತು. ಉಪ್ಪುಗಾಳಿ ಇಲ್ಲದೆ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ನಾಲಿಗೆಗೆ ತಾಗಿಸಿ ನೋಡಿದೆ, ಉಪ್ಪೇ. ಅಂದರೆ ಕಡಲ ದಂಡೆ. ನಮ್ಮ ಊರಿನ ರೈಲು ಹಳಿಯ ಆಚೆ ಒಂದಿಷ್ಟು ದೂರ ಹೋದರೆ ದಂಡೆ ಇದೆ, ಅಲ್ಲಿ ರಜೆ ದಿನಗಳಿಗೆ ಬಾಡಿಗೆಗೆ ಕೊಡುವ ಸಾಲು ಮನೆಗಳಿವೆ. ರಜೆ ಇಲ್ಲದಾಗ ಅಲ್ಲಿ ನರಪಿಳ್ಳೆ ಇರುವುದಿಲ್ಲ. ನರಪಿಳ್ಳೆ ಇಲ್ಲದ ಜಾಗಕ್ಕೆ, ಕೆಲಸದ ದಿನ, ಹೆಂಡತಿಗೆ ಹೇಳದೆ ಒಬ್ಬ ಗಂಡಸು ಯಾಕೆ ಹೋಗುತ್ತಾನೆ?

ನನ್ನ ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಹಾಕಲಿಲ್ಲ. ಅಷ್ಟು ಅನುಮಾನವಿದ್ದರೆ ಒಳಗೆ ಕೂತಿದ್ದಾರಲ್ಲ, ಹೋಗಿ ಕೇಳಿ, ಅದು ಬಿಟ್ಟು ಹೊರಗೆ ಕೂತು ಟೈರು ನೆಕ್ಕುತ್ತೀರಲ್ಲ, ನೋಡಿದವರು ಏನಂದಾರು ಅಂದಳು. ಕೇಳಿದರೆ ನಿಜ ಹೇಳುತ್ತಾನಾ? ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ ಅಷ್ಟೇ. ಮಗಳಿಗೆ ಮಾತ್ರ ಇದರ ಸುಳಿವು ಸಿಗಬಾರದು ಎಂದುಕೊಂಡೆ. ಅವಳ ಸಂಸಾರ ಒಡೆಯುವ ಮೊದಲೇ ಅವನನ್ನು ಹಿಡಿದು, ಕಿವಿ ಹಿಂಡಿ, ದಾರಿಗೆ ತರಬೇಕು. ತಂದೆಯಾದವನು ಅಷ್ಟೂ ಮಾಡದಿದ್ದರೆ ಹೇಗೆ?

ಮುಂದಿನ ಭಾನುವಾರ ಅವರು ಊಟಕ್ಕೆ ಕೂತಾಗ ಹಿಂದಿನ ಚಕ್ರದ ಟೈರು ಬಿಚ್ಚಿ, ಅಂಥದೇ ಇನ್ನೊಂದನ್ನು ಹಾಕಿದೆ. ಹಾಕುವ ಮೊದಲು ಚಾಕುವಿನಿಂದ ಅದರ ನಡುಪಟ್ಟಿಯಲ್ಲಿ ಒಂದು ಅಡ್ಡಗೀರು ಕೊರೆದೆ, ತುದಿಯಲ್ಲಿ ಸ್ವಲ್ಪ ಸೊಟ್ಟಗೆ. ಚಕ್ರ ಒಂದು ಸುತ್ತು ಸುತ್ತಿದರೆ ಮರಳಿನ ಮೇಲೆ ಆ ಸೊಟ್ಟ ಗೀರು ಒಮ್ಮೆ ಮೂಡಬೇಕು. ಹಳೆಯ ಟೈರಿನಲ್ಲಿ ಒಂದು ಬಿರುಕಿತ್ತು, ಬದಲಾಯಿಸಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಳಿಯ ತಲೆ ಆಡಿಸಿದ. ಮಗಳು ಚಕ್ರದ ಕಡೆ ನೋಡಿದಳು. ನನ್ನ ಜಾಣತನಕ್ಕೆ ನಾನೇ ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ವಾರದ ನಡುವೆ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ದಂಡೆಗೆ ಹೋದೆ. ಪಕ್ಕದ ಬೀಗದ ರಿಪೇರಿಯವನು ಎಲ್ಲಿಗೆ ಸವಾರಿ ಎಂದು ಕೇಳಿದ. ನಿನಗ್ಯಾಕೆ ಊರ ಉಸಾಬರಿ ಎಂದು ಗದರಿ ಹೊರಟೆ.

ದಂಡೆಯಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಸಾಲು ಮನೆಗಳ ಬಾಗಿಲೆಲ್ಲ ಮುಚ್ಚಿದ್ದವು. ಒಂದು ಮನೆಯ ಕಿಟಕಿ ಮಾತ್ರ ತೆರೆದಿತ್ತು, ಹೊರಗೆ ಹಗ್ಗದ ಮೇಲೆ ಒಂದು ನೀಲಿ ಬಟ್ಟೆ ಒಣಗುತ್ತಿತ್ತು. ಹೆಂಗಸರ ಬಟ್ಟೆ. ತಗ್ಗಿ ನೋಡುತ್ತಾ ಹೋದೆ. ಒದ್ದೆ ಮರಳು ಶುರುವಾಗುವಲ್ಲಿ ಸಿಕ್ಕಿತು: ಅಗಲದ ಟೈರಿನ ಗುರುತು, ಅದರ ನಡುವೆ ನನ್ನ ಚಾಕುವಿನ ಸೊಟ್ಟ ಗೀರು. ಇನ್ನೂ ಹಸಿಯಾಗಿತ್ತು, ಅವತ್ತು ಬೆಳಿಗ್ಗೆಯದೇ. ಗುರುತು ಎಲ್ಲಿಗೂ ನೇರವಾಗಿ ಹೋಗಿರಲಿಲ್ಲ. ದೊಡ್ಡ ಸುತ್ತು, ಅದರೊಳಗೆ ಸಣ್ಣ ಸುತ್ತು, ಅಲ್ಲಿಂದ ನೀರಿನ ಅಂಚಿನವರೆಗೆ ಹಾವಿನ ಹಾಗೆ ಹೊರಳಿ ಹೊರಳಿ ಹೋಗಿ ಮತ್ತೆ ವಾಪಸ್. ಆ ನೀಲಿ ಬಟ್ಟೆಯ ಮನೆಯ ಮುಂದೆಯೂ ಎರಡು ಸುತ್ತು. ಅವಳು ಹೊರಗೆ ಬರುವವರೆಗೆ ಕಾದು ಕಾದು ಸುತ್ತಿದ್ದಾನೆ ಎಂದು ಲೆಕ್ಕ ಹಾಕಿದೆ. ಆ ಗುರುತುಗಳನ್ನು ನೋಡಿ ಯಾರಿಗಾದರೂ ಬೇರೆ ಏನಾದರೂ ಹೊಳೆಯುತ್ತಿತ್ತೋ ಏನೋ. ನನ್ನ ಪಿತ್ತ ನೆತ್ತಿಗೇರಿತ್ತು.

ಅಲ್ಲಿಂದ ಸೀದಾ ಕನ್ನಡಕದ ಅಂಗಡಿಗೆ ನುಗ್ಗಿದೆ. ಅಳಿಯ ಅರೆಯುವ ಯಂತ್ರದ ಮುಂದೆ ಕೂತಿದ್ದ, ಮುಂಗೈವರೆಗೂ ಗಾಜಿನ ಬಿಳಿ ನೀರು. ಬೆಂಚಿನ ಮೇಲೆ ಒಬ್ಬ ಅಜ್ಜಿ ಗಿರಾಕಿ ಕೂತಿದ್ದರು. ನಾನು ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಮಗಳ ಕಣ್ಣಿಗೆ ಮಣ್ಣೆರಚಿ ದಂಡೆಯಲ್ಲಿ ಯಾರ ಮನೆಯ ಮುಂದೆ ಗಿರಕಿ ಹೊಡೆಯುತ್ತಿದ್ದೀಯಾ ಎಂದು ಬಾಯಿಗೆ ಬಂದಂತೆ ಬೈದೆ. ಟೈರಿಗೆ ಗೀರು ಹಾಕಿದ್ದು, ನಾಲಿಗೆಗೆ ಉಪ್ಪು ತಾಗಿದ್ದು, ನೀಲಿ ಬಟ್ಟೆ, ಎಲ್ಲ ಹೇಳಿದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಅಳಿಯ ಯಂತ್ರ ನಿಲ್ಲಿಸಿದ. ಮುಖ ಬಿಳಿಚಿಕೊಂಡಿತ್ತು. ರಸ್ತೆಯಲ್ಲಿ ನಿಂತವರ ಕಡೆ ಒಮ್ಮೆ ನೋಡಿದ.

“ಹೌದು ಮಾವ, ನಾನೇ ಹೋಗಿದ್ದೆ” ಅಂದ. “ಇಲ್ಲಿ ಬೇಡ. ಆಮೇಲೆ ಮಾತಾಡೋಣ.”

ಒಪ್ಪಿಕೊಂಡ. ನನಗೆ ಗೆದ್ದಷ್ಟೇ ಸಂತೋಷವಾಯಿತು ಎಂದರೆ ನಂಬುತ್ತೀರಾ? ಮಗಳ ಬಾಳು ಹಾಳಾಯಿತು ಎಂಬುದಕ್ಕಿಂತ ಮೊದಲು, ನಾನು ಹೇಳಿದ್ದೇ ನಿಜವಾಯಿತಲ್ಲ ಎಂದು ಎದೆ ಉಬ್ಬಿತು. ಅದು ಉಬ್ಬಿಕೊಂಡು ಇದ್ದದ್ದು ಆ ಅಜ್ಜಿ ಬಾಯಿ ತೆರೆಯುವವರೆಗೆ. ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಈ ಹುಡುಗ ಬೆಳಗಿನಿಂದ ನನ್ನ ಕನ್ನಡಕಕ್ಕೇ ಅಂಟಿಕೊಂಡಿದ್ದಾನೆ, ನೀರು ಕುಡಿಯಲೂ ಎದ್ದಿಲ್ಲ, ನೀವು ಬಂದು ಎಲ್ಲೆಲ್ಲಿಗೋ ಕಳಿಸುತ್ತಿದ್ದೀರಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅಳಿಯ ತಲೆ ತಗ್ಗಿಸಿದ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ.

ಗುರುತು ಬೆಳಗಿನದು. ಇವನು ಬೆಳಗಿನಿಂದ ಇಲ್ಲಿದ್ದಾನೆ. ಆದರೂ ತಾನೇ ಹೋಗಿದ್ದೆ ಅನ್ನುತ್ತಾನೆ. ಹಾಗಾದರೆ ಯಾರನ್ನು ಬಚ್ಚಿಡುತ್ತಿದ್ದಾನೆ? ಕಾಲು ಸುಟ್ಟ ಬೆಕ್ಕಿನಂತೆ ಅವರ ಮನೆಗೆ ಓಡಿದೆ.

ಮಗಳು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಸೈಕಲ್ಲಿನ ಚೈನು ಒರೆಸುತ್ತಿದ್ದಳು. ಕೂದಲು ಗಾಳಿಗೆ ಕೆದರಿ ಗಂಟು ಗಂಟಾಗಿತ್ತು. ಆಗ ನಾನು ಮೊದಲ ಸಲ ಆ ಸೈಕಲ್ಲಿನ ಸೀಟು ನೋಡಿದೆ. ಪೂರ್ತಿ ಕೆಳಗಿಳಿದಿತ್ತು. ಅಳಿಯನಂಥ ಉದ್ದನೆಯವನು ಅದರ ಮೇಲೆ ಕೂತರೆ ಮೊಣಕಾಲು ಗಲ್ಲಕ್ಕೆ ಬಡಿಯಬೇಕು. ಸೀಟಿನ ಕಂಬದ ಮೇಲೆ ಏರಿಸಿ ಇಳಿಸಿ ಆದ ಉಂಗುರದ ಗೀರುಗಳು ಹೊಳೆಯುತ್ತಿದ್ದವು. ವಾರ ವಾರ ಅದೇ ಸೈಕಲ್ಲಿನ ಮುಂದೆ ಕೂತು ಟೈರಿನ ಒಂದೊಂದು ಹರಳು ಮರಳನ್ನು ಹೆಕ್ಕಿದ್ದೆ, ಕತ್ತೆತ್ತಿ ಸೀಟು ನೋಡಿರಲಿಲ್ಲ. ಟೈರಿನವನು ನಾನು. ಟೈರು ಬಿಟ್ಟು ನನಗೆ ಬೇರೇನೂ ಕಾಣುವುದಿಲ್ಲ.

ಆಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಳಿಯನ ಮೇಲಿದ್ದ ಅನುಮಾನ ಅಷ್ಟೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಮಗಳ ಮೇಲೆ ಬಂದು ಕೂತಿತು.

“ಯಾರನ್ನ ನೋಡೋಕೆ ಹೋಗ್ತೀಯ ಅಲ್ಲಿಗೆ?” ಅಂದೆ.

“ಯಾರನ್ನೂ ಇಲ್ಲ. ಸುಮ್ನೆ ಹೋಗ್ತೀನಿ.”

ನೀಲಿ ಬಟ್ಟೆ, ಕನ್ನಡಕದ ಅಂಗಡಿಯಲ್ಲಿ ನಾನು ಕೂಗಾಡಿದ್ದು, ಎಲ್ಲ ಹೇಳಿ, ಸುಮ್ಮನೆ ಯಾರಾದರೂ ಅಷ್ಟು ದೂರ ಹೋಗುತ್ತಾರಾ, ನಾನೇನು ಬೆಪ್ಪುತಕ್ಕಡಿಯಾ, ಗಂಡನ ಹತ್ತಿರ ಸುಳ್ಳು ಹೇಳಿಸುತ್ತೀಯಾ ಎಂದು ಸುರಿಮಳೆ ಸುರಿಸಿದೆ. ಅವಳು ಚೈನು ಒರೆಸುವುದನ್ನು ಪೂರ್ತಿ ಮುಗಿಸಿ ಎದ್ದು ನಿಂತಳು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

“ಮರಳಿನ ಮೇಲೆ ಓಡಿಸ್ತೀನಿ ಅಪ್ಪ. ಸುತ್ತು ಹಾಕ್ತೀನಿ. ಸುಸ್ತಾದ್ರೆ ಕೂತ್ಕೋತೀನಿ. ಆ ನೀಲಿ ಬಟ್ಟೆ ಯಾರದೋ ನನಗೆ ಗೊತ್ತಿಲ್ಲ. ಅಷ್ಟೇ. ಟೈರ್ ನಾನೇ ಬಂದು ಕೇಳಿದ್ರೆ ಎಲ್ಲಿಗೆ, ಯಾಕೆ, ಯಾರ ಜೊತೆ ಅಂತ ನೀನು ಬಿಡ್ತಿರಲಿಲ್ಲ. ಅದಕ್ಕೇ ಅವರನ್ನ ಕಳಿಸಿದೆ. ಅವರು ಒಂದ್ಸಲಾನೂ ಕೇಳಿಲ್ಲ.”

ನಾನು ಏನೋ ಹೇಳಹೋದೆ. ಅವಳು ಬಿಡಲಿಲ್ಲ.

“ಸ್ಕೂಲಿಂದ ಬಂದ್ರೆ ನೀನು ಯಾವತ್ತಾದ್ರೂ ನನ್ನ ಮುಖ ನೋಡಿದೀಯಾ? ಚಕ್ರ ನೋಡ್ತಿದ್ದೆ. ಚಾಕು ಗೀರು ನನಗೆ ಗೊತ್ತಾಗಲ್ವಾ? ಆ ಅಂಗಡೀಲೇ ಬೆಳೆದವಳು ನಾನು. ಗೊತ್ತಿದ್ದೇ ಹೋದೆ. ನೀನು ಬಂದು ನನ್ನನ್ನೇ ಕೇಳ್ತೀಯ, ಇದೊಂದ್ಸಲ ಹೇಳಿಬಿಡೋಣ ಅಂದ್ಕೊಂಡಿದ್ದೆ. ನೀನು ಹೋಗಿ ಅವರ ಮಾನ ಕಳೆದು ಬಂದೆ.”

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಹೆಂಡತಿ ಎಲ್ಲ ಕೇಳಿದಳು, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು.

ಆ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನಗೆ ಮೊದಲು ಸಿಟ್ಟೇ ಬಂದಿತ್ತು, ಹೆತ್ತವನು ಕೇಳಬಾರದಾ ಎಂದು. ಹೆಂಡತಿ ವಾರದ ನಡುವೆ ಒಬ್ಬಳೇ ಹೋಗಿ ಮಗಳನ್ನು ನೋಡಿಕೊಂಡು ಬರುತ್ತಿದ್ದಳು, ಬಂದು ನನಗೆ ಒಂದು ಅಕ್ಷರ ಹೇಳುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ ಅಡುಗೆಮನೆಯ ಕಟ್ಟೆ ಖಾಲಿ ಇರುವುದನ್ನು ನೋಡಲಾಗದೆ ಭಾನುವಾರವೂ ಅಂಗಡಿ ತೆರೆದು ಕೂರುತ್ತಿದ್ದೆ. ಒಬ್ಬಾತ ಜಲ್ಲಿ ದಾರಿಗೆ ಟೈರು ಕೇಳಿದ. ಎಲ್ಲಿ, ಏನು ಎಂದು ಕೇಳುವ ಮನಸ್ಸೂ ಆಗಲಿಲ್ಲ, ಸುಮ್ಮನೆ ಕೊಟ್ಟು ಕಳಿಸಿದೆ.

ಕೊನೆಗೆ ಒಂದು ದಿನ ಅಳಿಯನೇ ಅಂಗಡಿಗೆ ಬಂದ. ತಪ್ಪಾಯಿತು ಅನ್ನಬೇಕು, ನಾಲಿಗೆ ಹೊರಳಲಿಲ್ಲ. ಅದರ ಬದಲು ಒಳ್ಳೆಯದೊಂದು ಹೊಸ ಟೈರು ತೆಗೆದು, ಆ ಗೀರು ಬಿದ್ದದ್ದನ್ನು ಬಿಚ್ಚಿ ಇದನ್ನು ಹಾಕುತ್ತೇನೆ ಎಂದೆ. ಬೇಡ ಮಾವ, ಅದೇ ಇರಲಿ ಅಂತ ಅವಳೇ ಹೇಳಿದ್ದಾಳೆ ಅಂದ. ಆಮೇಲೆ ಅವಳು ಈ ಭಾನುವಾರ ಬರುತ್ತಾಳೆ ಎಂದು ಹೇಳಿದ. ನನ್ನ ಕೈಯಲ್ಲಿದ್ದ ಟೈರು ಕೆಳಗೆ ಬಿತ್ತು.

“ಒಂದೇ ಮಾತು ಮಾವ. ಅವಳನ್ನ ಏನೂ ಕೇಳ್ಬೇಡಿ.”

ಕೇಳುವುದಿಲ್ಲ, ನನ್ನ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ ಎಂದು ಅವನ ಕೈ ಹಿಡಿದು ಹೇಳಿದೆ. ಮನಸ್ಸಿನಿಂದಲೇ ಹೇಳಿದ್ದೆ.

ಭಾನುವಾರ ಬೆಳಗ್ಗೆ ಅವಳು ಒಬ್ಬಳೇ, ನಡೆದು ಬಂದಳು. ಸೈಕಲ್ಲು ತಂದಿರಲಿಲ್ಲ. ಯಾಕೆ ನಡೆದು ಬಂದೆ ಎಂದು ಕೇಳಲಿಲ್ಲ. ಗಂಡ ಯಾಕೆ ಬರಲಿಲ್ಲ ಎಂದೂ ಕೇಳಲಿಲ್ಲ. ಅವಳು ನನ್ನನ್ನು ನೋಡಿ, ಸೊರಗಿದ್ದೀಯಲ್ಲ ಅಪ್ಪ ಅಂದಳು. ಅವಳ ಮುಖವನ್ನೇ ನೋಡಿದೆ, ಬಿಸಿಲಿಗೆ ಮೂಗಿನ ತುದಿ ಕಪ್ಪಾಗಿತ್ತು. ದಂಡೆಯ ಬಿಸಿಲಾ ಎಂಬ ಮಾತು ಗಂಟಲವರೆಗೆ ಬಂತು, ನುಂಗಿಕೊಂಡೆ. ಊಟ ಆಯಿತು. ಅವಳು ಕಟ್ಟೆ ಹತ್ತಿ ಕೂತಳು. ಅಮ್ಮನ ಜೊತೆ ಏನೋ ಪಿಸಪಿಸ ಮಾತಾಡಿ ಹಳೆಯ ಹಾಗೇ ಗೊಳ್ಳೆಂದು ನಕ್ಕಳು. ಆ ನಗು ಕೇಳಿ ನನ್ನ ಕಣ್ಣು ತುಂಬಿ ಬಂತು. ಇವರಿಬ್ಬರ ಮುಂದೆ ಯಾಕೆ ಎಂದು ಎದ್ದು ಹೊರಬಾಗಿಲಿಗೆ ಬಂದು ನಿಂತೆ.

ಬಾಗಿಲ ಬಳಿ ಅವಳ ಚಪ್ಪಲಿ ಇದ್ದವು. ಒಂದು ನೆಟ್ಟಗಿತ್ತು, ಇನ್ನೊಂದು ಮಗ್ಗುಲಾಗಿ ಬಿದ್ದಿತ್ತು. ಅದನ್ನು ನೆಟ್ಟಗೆ ಇಡೋಣ ಎಂದೇ ಬಗ್ಗಿದ್ದು. ಅಟ್ಟೆಯ ಗೀರುಗಳಲ್ಲಿ ಏನೋ ಬಿಳಿಯದು ಕೂತಿತ್ತು. ನನ್ನ ಹೆಬ್ಬೆರಳು ತಾನಾಗಿ ಅದರ ಮೇಲೆ ಆಡಿತು. ಸುಣ್ಣವೋ, ಮರಳೋ? ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡುತ್ತಿದ್ದೆ.

“ಏನು ಸಿಕ್ತು ಅಪ್ಪ?”

ಅವಳು ಹಿಂದೆಯೇ ನಿಂತಿದ್ದಳು. ಕೈಯಲ್ಲಿ ನನಗಾಗಿ ತಂದ ಕಾಫಿ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ನೆಟ್ಟಗೆ ಇಡುತ್ತಿದ್ದೆ ಎಂದೆ. ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ಚಾಚಿದಳು. ನಾನು ಚಪ್ಪಲಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕೆಳಗಿಟ್ಟು ಮೆಟ್ಟಿಕೊಂಡಳು, ಇನ್ನೊಂದನ್ನೂ ಮೆಟ್ಟಿಕೊಂಡಳು, ಹೋಗಿ ಬರುತ್ತೇನೆ ಎಂದು ಒಳಗೆ ಅಮ್ಮನಿಗೆ ಕೂಗಿ ಹೇಳಿದಳು. ಇಷ್ಟು ಬೇಗ ಯಾಕೆ ಎಂದು ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುವಷ್ಟರಲ್ಲಿ ಅವಳು ಗೇಟು ದಾಟಿದ್ದಳು. ಮುಂದಿನ ಭಾನುವಾರ ಬರುತ್ತೀಯಾ ಎಂದು ಕೇಳಬೇಕಿತ್ತು. ಅದೊಂದನ್ನು ನಾನು ಕೇಳಲಿಲ್ಲ.